ಮೀಟರಿನ ಸೀಲು ಕಲಿಸುವ ಪಾಠ

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ನಿಮಗೆಲ್ಲ ತಿಳಿದದ್ದೇ. ಈ ಗಾದೆ ಒಳಿತಿಗೆ ಹೇಗೆ ಸಲ್ಲುತ್ತದೆಯೋ ಕೆಡುಕಿಗೂ ಹಾಗೆಯೇ ಸಲ್ಲುತ್ತದೆ. ನಮ್ಮ ಹೊಲ, ಕೊಟ್ಟಿಗೆ, ತಿಪ್ಪೆಗಳಲ್ಲಿ ಇಂದು ಸೇರುತ್ತಿರುವ ಪ್ಲಾಸ್ಟಿಕ್ ಚೂರುಗಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಒಂದೊಂದು ಚೂರೂ ಉಗುರಿನಷ್ಟು ಅಥವಾ ಬೆರಳಿನಷ್ಟು. ಇಷ್ಟರಿಂದ ಏನಾದೀತು ಎಂದು ಎಸೆದುಬಿಡುತ್ತೇವೆ. ಆದರೆ ಈ ಚೂರು ಕೊಳೆಯುವುದಿಲ್ಲ, ಗೊಬ್ಬರವಾಗುವುದಿಲ್ಲ. ಕುಂಟೆ ಹೊಡೆದಾಗಲೆಲ್ಲ ಮಣ್ಣಿನಲ್ಲಿ ಹರಡುತ್ತದೆಯೇ ಹೊರತು ಕಣ್ಮರೆಯಾಗುವುದಿಲ್ಲ.

ಇಂತಹ ಚೂರುಗಳಲ್ಲೆಲ್ಲ ತೀರ ಚಿಕ್ಕದಾದ ಒಂದನ್ನು ಈ ಲೇಖನಕ್ಕೆ ಆರಿಸಿಕೊಂಡಿದ್ದೇನೆ. ಅದು ನಿಮ್ಮ ಮನೆಯ ವಿದ್ಯುತ್ ಮೀಟರಿಗೆ ಹಾಕಿರುವ ಪ್ಲಾಸ್ಟಿಕ್ ಸೀಲು. ಬೇಸಾಯದ ಪತ್ರಿಕೆಯಲ್ಲಿ ಮೀಟರಿನ ಸೀಲಿಗೇನು ಕೆಲಸ ಎಂದು ನೀವು ಕೇಳಬಹುದು. ಕಾರಣಗಳು ಎರಡು. ಮೀಟರು ಬದಲಾಯಿಸುವಾಗ ಕತ್ತರಿಸಿದ ಸೀಲು ಬೀಳುವುದು ನಿಮ್ಮ ಅಂಗಳದಲ್ಲಿಯೇ, ಅನೇಕ ಮನೆಗಳಲ್ಲಿ ದನ ಕಟ್ಟುವ ಜಾಗದ ಪಕ್ಕದಲ್ಲಿಯೇ. ಎರಡನೆಯದಾಗಿ, ಪ್ಲಾಸ್ಟಿಕ್ಕನ್ನು ಮತ್ತೆ ಬಳಕೆಗೆ ತರುವ ಕೆಲಸ ಎಲ್ಲಿ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಈ ಪುಟ್ಟ ಸೀಲು ತೋರಿಸಿಕೊಡುವಷ್ಟು ಚೆನ್ನಾಗಿ ಬೇರೊಂದು ವಸ್ತು ತೋರಿಸಲಾರದು. ಇದನ್ನು ತಿಳಿದುಕೊಂಡರೆ ನಿಮ್ಮ ಹೊಲದ ಹಳೆಯ ಡ್ರಿಪ್ ಕೊಳವೆಗೆ ಸರಿಯಾದ ಬೆಲೆ ಪಡೆಯುವ ದಾರಿಯೂ ತಿಳಿಯುತ್ತದೆ.

ಲಗ್ಗೆರೆಯಲ್ಲಿ ಕಂಡದ್ದು

ತುಮಕೂರು ರಸ್ತೆಯಲ್ಲಿ ಬೆಂಗಳೂರಿಗೆ ಬಂದು ಹೋಗುವ ರೈತರಿಗೆ ಪೀಣ್ಯ ಕೈಗಾರಿಕಾ ಪ್ರದೇಶ ಹೊಸದೇನಲ್ಲ. ಅದರ ದಕ್ಷಿಣಕ್ಕೆ, ಹೊರವರ್ತುಲ ರಸ್ತೆಯ ಬದಿಗೆ ಲಗ್ಗೆರೆ ಇದೆ. ಬೆಂಗಳೂರು ಉತ್ತರ ತಾಲ್ಲೂಕು, ಯಶವಂತಪುರ ಹೋಬಳಿಯ ಹಳ್ಳಿಯಾಗಿದ್ದ ಲಗ್ಗೆರೆ ಇಂದು ನಗರದ ಒಂದು ಭಾಗ. ಮನೆಗಳ ಸಾಲಿನ ನಡುವೆಯೇ ಸಣ್ಣ ಕೈಗಾರಿಕೆಗಳ ಶೆಡ್ಡುಗಳಿವೆ. ಒಂದು ಕಡೆ ಲೇತ್ ಕೆಲಸ, ಇನ್ನೊಂದು ಕಡೆ ಪ್ಲಾಸ್ಟಿಕ್ ಮೋಲ್ಡಿಂಗ್, ಮತ್ತೊಂದು ಕಡೆ ಗುಜರಿ ಅಂಗಡಿ.

ಇಲ್ಲಿಯ ಒಂದು ಗುಜರಿ ಅಂಗಡಿಯಲ್ಲಿ ಕಂಡ ಸಂಗತಿಯೇ ಈ ಲೇಖನಕ್ಕೆ ಪ್ರೇರಣೆ. ಮಾಗಡಿ ಕಡೆಯ ರೈತರೊಬ್ಬರು ಹಳೆಯ ಡ್ರಿಪ್ ಸಾಮಾನನ್ನು ಚೀಲಗಳಲ್ಲಿ ತುಂಬಿ ತಂದಿದ್ದರು. ಕಪ್ಪು ಕೊಳವೆಯೇ ಹೆಚ್ಚು. ಆದರೆ ಅದರ ಜೊತೆಗೆ ಪಿ.ವಿ.ಸಿ. ಜಾಯಿಂಟುಗಳು, ರಬ್ಬರ್ ವಾಷರುಗಳು, ಒಂದೆರಡು ಔಷಧಿ ಬಾಟಲಿಗಳು, ಮನೆಯಲ್ಲಿ ಗುಡಿಸಿ ತೆಗೆದ ಮುಚ್ಚಳ, ಬಿರಡೆ, ತಂತಿ ಸಮೇತವಾದ ನಾಲ್ಕಾರು ಮೀಟರ್ ಸೀಲುಗಳೂ ಇದ್ದವು. ಅಂಗಡಿಯವರು ಚೀಲವನ್ನು ನೆಲಕ್ಕೆ ಸುರಿದು, ಕಾಲಿನಿಂದ ಸರಿಸಿ ನೋಡಿ, "ಇದು ಬೆರಕೆ ಮಾಲು ಸ್ವಾಮಿ" ಎಂದು ಇಡೀ ಚೀಲಕ್ಕೆ ಬೆರಕೆಯ ದರ ಹೇಳಿದರು. "ಮುಕ್ಕಾಲು ಪಾಲು ಒಳ್ಳೆಯ ಪೈಪೇ ಇದೆಯಲ್ಲಪ್ಪ" ಎಂದು ರೈತರು ವಾದಿಸಿದರು. "ಇರಬಹುದು, ಆದರೆ ಆರಿಸುವ ಕೂಲಿ ಯಾರು ಕೊಡುತ್ತಾರೆ?" ಎಂಬುದು ಉತ್ತರ. ಅಂಗಡಿಯವರ ಮಾತಿನಲ್ಲಿ ಅನ್ಯಾಯವಿರಲಿಲ್ಲ. ರೈತರಿಗೆ ನಷ್ಟವಾದದ್ದೂ ಸುಳ್ಳಲ್ಲ. ಹತ್ತು ನಿಮಿಷ ಮನೆಯಲ್ಲಿ ಕುಳಿತು ಬೇರ್ಪಡಿಸಿದ್ದರೆ ಈ ನಷ್ಟ ತಪ್ಪುತ್ತಿತ್ತು.

ಸೀಲು ಏಕೆ, ಅದು ಬದಲಾದದ್ದು ಹೇಗೆ

ಮಂಡಿಯ ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯವರು ಮುದ್ರೆ ಹಾಕುವುದನ್ನು ನೀವು ನೋಡಿದ್ದೀರಿ. ಮುದ್ರೆ ಒಡೆದಿದ್ದರೆ ತೂಕದ ಮೇಲೆ ನಂಬಿಕೆಯಿಲ್ಲ. ಮೀಟರಿನ ಸೀಲೂ ಹೀಗೆಯೇ. ಒಳಗೆ ಯಾರೂ ಕೈಹಾಕಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಈ ಸಾಕ್ಷಿ ವಿದ್ಯುತ್ ಕಂಪನಿಗೆ ಎಷ್ಟು ಬೇಕೋ ನಿಮಗೂ ಅಷ್ಟೇ ಬೇಕು.

ಹಿಂದೆ ಈ ಸೀಲು ಸೀಸದ್ದಾಗಿತ್ತು. ತಂತಿಯ ಎರಡು ತುದಿಗಳನ್ನು ಸೀಸದ ಗುಂಡಿಯೊಳಗೆ ತೂರಿಸಿ, ಅಚ್ಚಿರುವ ಇಕ್ಕಳದಿಂದ ಒತ್ತುತ್ತಿದ್ದರು. ಸೀಸ ಮೆತು ಲೋಹ. 327 ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಕರಗುತ್ತದೆ, ಅಂದರೆ ಮನೆಯ ಒಲೆಯ ಕೆಂಡವೇ ಸಾಕು. ಇದರಿಂದಾಗಿ ಅದನ್ನು ತಿದ್ದುವುದು ಸುಲಭ. ಮೇಲಾಗಿ ಸೀಸ ವಿಷ. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು 2006ರಲ್ಲಿ ಮೀಟರುಗಳ ಅಳವಡಿಕೆಯ ಬಗ್ಗೆ ಹೊರಡಿಸಿದ ನಿಯಮಗಳಲ್ಲಿ ಹೊಸ ಮೀಟರುಗಳಿಗೆ ಸೀಸದ ಸೀಲು ಹಾಕಬಾರದೆಂದೂ, ಹಳೆಯ ಸೀಸದ ಸೀಲುಗಳನ್ನು ಹಂತ ಹಂತವಾಗಿ ಬದಲಿಸಬೇಕೆಂದೂ ಹೇಳಲಾಯಿತು. ಪಾಲಿಕಾರ್ಬೊನೇಟ್, ಅಕ್ರಿಲಿಕ್ ಅಥವಾ ಇತರ ಪ್ಲಾಸ್ಟಿಕ್ಕಿನ ಸೀಲುಗಳಿಗೆ ಹೀಗೆ ದಾರಿಯಾಯಿತು.

ಅದೇ ನಿಯಮಗಳಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಸೀಲು ತಯಾರಾದಾಗಿನಿಂದ ದಾಸ್ತಾನು, ಅಳವಡಿಕೆ, ತಪಾಸಣೆ, ತೆಗೆಯುವಿಕೆ ಮತ್ತು ಕೊನೆಯ ವಿಲೇವಾರಿಯವರೆಗೆ ಅದರ ಜಾಡನ್ನು ದಾಖಲಿಸಬೇಕು ಎಂಬುದೇ ಆ ಮಾತು. ತೆಗೆದ ಸೀಲು ಬರಿಯ ಕಸವಲ್ಲ. ಕಂಪನಿಯ ಗುರುತು ಇರುವ ಹಳೆಯ ಸೀಲು ಅಡ್ಡದಾರಿಯವರ ಕೈಗೆ ಸಿಕ್ಕರೆ ಕಳ್ಳತನಕ್ಕೆ ಬಳಕೆಯಾದೀತು. ಆದ್ದರಿಂದ ಸೀಲಿನ ಮರುಬಳಕೆ ಎಂದರೆ ಅದನ್ನು ಮತ್ತೆ ಸೀಲಾಗಿ ಬಳಸುವುದಲ್ಲ. ಲೆಕ್ಕಕ್ಕೆ ತೆಗೆದುಕೊಂಡು, ಸಂಖ್ಯೆ ಅಳಿಯುವಂತೆ ಪುಡಿಮಾಡಿ, ಅದರ ಪ್ಲಾಸ್ಟಿಕ್ಕನ್ನು ಬೇರೆ ವಸ್ತುವಿಗೆ ಬಳಸುವುದು.

ಚಿಕ್ಕದು, ಆದರೆ ಎಷ್ಟು?

2002ರಲ್ಲಿ ಕೆಲಸ ಆರಂಭಿಸಿದ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಬೆಸ್ಕಾಂಗೆ, 8 ಜಿಲ್ಲೆಗಳಲ್ಲಿ ಒಂದು ಕೋಟಿಗೂ ಹೆಚ್ಚು ಗ್ರಾಹಕರಿದ್ದಾರೆ. ಲೆಕ್ಕಕ್ಕಾಗಿ ಒಂದು ಕೋಟಿ ಮೀಟರು, ಮೀಟರಿಗೆ 3 ಸೀಲು, ಸೀಲೊಂದಕ್ಕೆ 3 ಗ್ರಾಂ ಎಂದು ಇಟ್ಟುಕೊಳ್ಳೋಣ. ಒಟ್ಟು 90,000 ಕಿ.ಗ್ರಾಂ., ಅಂದರೆ 90 ಟನ್ ಪ್ಲಾಸ್ಟಿಕ್. ಇದೆಲ್ಲವೂ ಒಂದೇ ವರ್ಷದಲ್ಲಿ ಹೊರಬೀಳುವುದಿಲ್ಲ. ಆದರೆ ಮೀಟರು ಬದಲಾದಾಗ, ಕೆಟ್ಟಾಗ, ತಪಾಸಣೆಯಾದಾಗ ಸ್ವಲ್ಪ ಸ್ವಲ್ಪವಾಗಿ ಹೊರಬೀಳುತ್ತಲೇ ಇರುತ್ತದೆ. ಒಂದೇ ಕಡೆ ಕೂಡಿಸಿದರೆ ಅದು ಮಾಲು. ಹಳ್ಳಿ ಹಳ್ಳಿಯ ಅಂಗಳಗಳಲ್ಲಿ ಚೆಲ್ಲಿದರೆ ಅದು ಕಸ. ಮಾಲಿಗೂ ಕಸಕ್ಕೂ ಇರುವ ಮೊದಲನೆಯ ವ್ಯತ್ಯಾಸ ಕೂಡಿಸುವುದು. ಎರಡನೆಯದು ಬೆರಕೆಯಾಗದಂತೆ ಕಾಯುವುದು.

ಬೆರಕೆಯಿಂದ ಆಗುವ ತೊಂದರೆ

ಎಲ್ಲ ಸೀಲುಗಳೂ ಒಂದೇ ಪ್ಲಾಸ್ಟಿಕ್ಕಿನವಲ್ಲ. ಗಾಜಿನಂತೆ ಪಾರದರ್ಶಕವಾದ, ತಂತಿಯನ್ನು ಒಳಗೆ ತಿರುಗಿಸಿ ಬಿಗಿಯುವ ಸೀಲುಗಳು ಪಾಲಿಕಾರ್ಬೊನೇಟ್ ಅಥವಾ ಅಕ್ರಿಲಿಕ್ಕಿನವು. ಅದರೊಳಗಿನ ಬಣ್ಣದ ತಿರುಪು ಬೇರೆಯೇ ಪ್ಲಾಸ್ಟಿಕ್ ಆಗಿರಬಹುದು. ಬಾಲವನ್ನು ಎಳೆದು ಬಿಗಿಯುವ ಬಣ್ಣದ ಸೀಲುಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಅಥವಾ ನೈಲಾನಿನವು. ಇವುಗಳ ಜೊತೆಗೆ ಉಕ್ಕಿನ ತಂತಿ.

ತೊಗರಿಬೇಳೆಯನ್ನೂ ಹುರುಳಿಯನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸಿದರೆ ಏನಾಗುತ್ತದೆ? ಬೇಳೆ ಕರಗಿಹೋದರೂ ಹುರುಳಿ ಗಟ್ಟಿಯಾಗಿಯೇ ಉಳಿಯುತ್ತದೆ. ಹುರುಳಿ ಬೇಯುವವರೆಗೆ ಕಾದರೆ ಬೇಳೆ ತಳಹಿಡಿಯುತ್ತದೆ. ಪ್ಲಾಸ್ಟಿಕ್ಕಿನ ಕಥೆಯೂ ಇಷ್ಟೇ. ಪಾಲಿಪ್ರೊಪಿಲೀನನ್ನು ಯಂತ್ರದಲ್ಲಿ ಸುಮಾರು 200 ರಿಂದ 250 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗಿಸಿ ಅಚ್ಚಿಗೆ ಹಾಕುತ್ತಾರೆ. ಪಾಲಿಕಾರ್ಬೊನೇಟಿಗೆ 280 ರಿಂದ 310 ಡಿಗ್ರಿ ಬೇಕು. ಎರಡನ್ನೂ ಕರಗಿಸಿದರೂ ಅವು ಎಣ್ಣೆ ನೀರಿನಂತೆ ಬೆರೆಯದೆ ಉಳಿಯುತ್ತವೆ. ಅಂತಹ ಮಾಲಿನಿಂದ ಮಾಡಿದ ವಸ್ತು ಬೆರೆಯದ ಜಾಗದಲ್ಲಿ ಸೀಳುತ್ತದೆ. ಕರಗದೆ ಉಳಿದ ಕಾಳು ಯಂತ್ರದ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮರಳಿನ ಒಂದು ಕಣ ಡ್ರಿಪ್ಪರಿನ ಬಾಯಿ ಕಟ್ಟುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪಾಲಿಕಾರ್ಬೊನೇಟಿಗೆ ಇನ್ನೊಂದು ಗುಣವಿದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಕರಗಿಸುವ ಮೊದಲು ಸುಮಾರು 120 ಡಿಗ್ರಿ ಉಷ್ಣದಲ್ಲಿ 3 ರಿಂದ 4 ಗಂಟೆ ಒಣಗಿಸದಿದ್ದರೆ ಆ ತೇವವೇ ಪ್ಲಾಸ್ಟಿಕ್ಕಿನ ಕಟ್ಟನ್ನು ಸಡಿಲಿಸಿ ಪೆಡಸಾಗಿಸುತ್ತದೆ. ಒಣಗಿಸುವ ಸೌಕರ್ಯವಿಲ್ಲದ ಸಣ್ಣ ಶೆಡ್ಡಿಗೆ ಅದು ಒಳ್ಳೆಯ ಮಾಲಾದರೂ ಕೆಲಸಕ್ಕೆ ಬಾರದು. ತಂತಿಯಂತೂ ಪುಡಿಮಾಡುವ ಯಂತ್ರದ ಅಲಗನ್ನೇ ಮುರಿಯುತ್ತದೆ. ಸತುವಿನ ಲೇಪವಿರುವ ಕಬ್ಬಿಣದ ತಂತಿಯನ್ನು ಅಯಸ್ಕಾಂತದಿಂದ ಹಿಡಿಯಬಹುದು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಸಿಕ್ಕುವುದಿಲ್ಲ. ಅದನ್ನು ಕೈಯಿಂದಲೇ ಬಿಡಿಸಬೇಕು.

ಬಿತ್ತನೆ ಭತ್ತದ ಉಪಾಯ

ಪ್ಲಾಸ್ಟಿಕ್ ವಸ್ತುಗಳ ಮೇಲೆ ತ್ರಿಕೋನದೊಳಗೆ 1 ರಿಂದ 7 ರವರೆಗಿನ ಅಂಕಿಯೊಂದನ್ನು ಅಚ್ಚೊತ್ತಿರುತ್ತಾರೆ. 2 ಮತ್ತು 4 ಪಾಲಿಥೀನಿನ ಎರಡು ಬಗೆಗಳು, 3 ಪಿ.ವಿ.ಸಿ., 5 ಪಾಲಿಪ್ರೊಪಿಲೀನ್. ಪಾಲಿಕಾರ್ಬೊನೇಟ್ 'ಇತರೆ' ಎಂಬ 7ರಲ್ಲಿ ಬರುತ್ತದೆ. ಆದರೆ ಸೀಲಿನಂತಹ ಚಿಕ್ಕ ವಸ್ತುವಿನಲ್ಲಿ ಈ ಅಂಕಿಗೆ ಜಾಗವೇ ಇರುವುದಿಲ್ಲ. ಆಗ ಏನು ಮಾಡಬೇಕು?

ಈ ಉಪಾಯ ನಿಮಗೆ ಗೊತ್ತಿರುವುದೇ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಸುರಿದು, ತೇಲಿದ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿ ಕಾಳನ್ನು ಬಿತ್ತನೆಗೆ ಇಟ್ಟುಕೊಳ್ಳುತ್ತೀರಲ್ಲವೆ? ಪ್ಲಾಸ್ಟಿಕ್ಕನ್ನೂ ಹಾಗೆಯೇ ಬೇರ್ಪಡಿಸಬಹುದು. ನೀರಿನ ಸಾಂದ್ರತೆ 1 ಎಂದು ಇಟ್ಟುಕೊಂಡರೆ ಪ್ಲಾಸ್ಟಿಕ್ಕುಗಳ ಸಾಂದ್ರತೆ ಹೀಗಿದೆ:

ಪಾಲಿಪ್ರೊಪಿಲೀನ್: 0.90 ರಿಂದ 0.91. ಬರಿಯ ನೀರಿನಲ್ಲಿ ತೇಲುತ್ತದೆ.
ಪಾಲಿಥೀನ್: 0.91 ರಿಂದ 0.97. ಬರಿಯ ನೀರಿನಲ್ಲಿ ತೇಲುತ್ತದೆ.
ಪಾಲಿಸ್ಟೈರೀನ್: 1.04 ರಿಂದ 1.06. ನೀರಿನಲ್ಲಿ ಮುಳುಗುತ್ತದೆ, ಗಾಢ ಉಪ್ಪುನೀರಿನಲ್ಲಿ ತೇಲುತ್ತದೆ.
ನೈಲಾನ್: 1.13 ರಿಂದ 1.15. ನೀರಿನಲ್ಲಿ ಮುಳುಗುತ್ತದೆ, ಗಾಢ ಉಪ್ಪುನೀರಿನಲ್ಲಿ ತೇಲುತ್ತದೆ.
ಅಕ್ರಿಲಿಕ್: ಸುಮಾರು 1.18. ನೀರಿನಲ್ಲಿ ಮುಳುಗುತ್ತದೆ.
ಪಾಲಿಕಾರ್ಬೊನೇಟ್: ಸುಮಾರು 1.20. ನೀರಿನಲ್ಲಿ ಮುಳುಗುತ್ತದೆ.
ಪಿ.ವಿ.ಸಿ.: 1.35 ರಿಂದ 1.45. ಉಪ್ಪುನೀರಿನಲ್ಲಿಯೂ ಮುಳುಗುತ್ತದೆ.

ಗಾಢ ಉಪ್ಪುನೀರು ಎಂದರೆ ಲೀಟರ್ ನೀರಿಗೆ ಸುಮಾರು 360 ಗ್ರಾಂ ಉಪ್ಪು, ಅಂದರೆ ಇನ್ನು ಹೆಚ್ಚಿಗೆ ಕರಗದು ಎನ್ನುವಷ್ಟು. ಅದರ ಸಾಂದ್ರತೆಯೂ 1.20ರ ಆಸುಪಾಸು. ಆದ್ದರಿಂದ ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟನ್ನು ಒಂದರಿಂದ ಒಂದನ್ನು ಬೇರ್ಪಡಿಸಲು ಈ ಪರೀಕ್ಷೆ ಸಾಲದು. ಅದು ಕಾರ್ಖಾನೆಯವರ ಕೆಲಸ. ರೈತರಿಗೆ ಬರಿಯ ನೀರಿನ ಪರೀಕ್ಷೆ ಸಾಕು. ಹಳೆಯ ಡ್ರಿಪ್ ಸಾಮಾನನ್ನು ತುಂಡು ಮಾಡಿ ತೊಟ್ಟಿಗೆ ಹಾಕಿದರೆ ಪಾಲಿಥೀನ್ ಕೊಳವೆ ತೇಲುತ್ತದೆ. ಪಿ.ವಿ.ಸಿ. ಜಾಯಿಂಟು, ರಬ್ಬರ್, ತಂತಿ ತಳ ಸೇರುತ್ತವೆ.

ಪರೀಕ್ಷೆಯಲ್ಲಿ ನಾಲ್ಕು ಎಚ್ಚರಿಕೆಗಳು ಅಗತ್ಯ.

1. ಚೂರಿನ ಒಳಗೆ ಅಥವಾ ಮೇಲೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಮುಳುಗಬೇಕಾದದ್ದೂ ತೇಲುತ್ತದೆ. ನೀರಿಗೆ ಒಂದು ತೊಟ್ಟು ಸೋಪಿನ ನೀರು ಹಾಕಿ, ಚೂರನ್ನು ಕೈಯಿಂದ ಅದುಮಿ ಬಿಡಬೇಕು.
2. ಮಣ್ಣು ಮೆತ್ತಿದ್ದರೆ ತೇಲಬೇಕಾದದ್ದೂ ಮುಳುಗುತ್ತದೆ. ಮೊದಲು ತೊಳೆಯಬೇಕು.
3. ಸುಣ್ಣದ ಪುಡಿಯಂತಹ ತುಂಬುವಸ್ತು ಬೆರೆಸಿದ ಅಗ್ಗದ ಪಾಲಿಪ್ರೊಪಿಲೀನ್ ಮುಳುಗಬಹುದು. ಅಂತಹ ಮಾಲನ್ನು ಒಳ್ಳೆಯದರ ಜೊತೆ ಸೇರಿಸದಿರುವುದೇ ಲೇಸು.
4. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಎರಡೂ ತೇಲುವುದರಿಂದ ಅವನ್ನು ಆಕಾರ ನೋಡಿ ಬೇರೆ ಮಾಡಬೇಕು. ಬಾಗುವ ಕೊಳವೆ ಒಂದು ಕಡೆ, ಗಟ್ಟಿ ಮುಚ್ಚಳ ಮತ್ತು ಬಿರಡೆ ಇನ್ನೊಂದು ಕಡೆ.

ಕೆಲವರು ಪ್ಲಾಸ್ಟಿಕ್ಕನ್ನು ಸುಟ್ಟು, ಹೊಗೆಯ ವಾಸನೆ ನೋಡಿ ಬಗೆ ಹೇಳುತ್ತಾರೆ. ಇದನ್ನು ಎಂದಿಗೂ ಮಾಡಬೇಡಿ. ಪಿ.ವಿ.ಸಿ. ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಡಯಾಕ್ಸಿನ್ ಎಂಬ ಘೋರ ವಿಷಗಳೂ ಹೊರಡುತ್ತವೆ. ನೀರಿನ ಪರೀಕ್ಷೆಗೆ ಖರ್ಚಿಲ್ಲ, ಅಪಾಯವೂ ಇಲ್ಲ.

ಶೆಡ್ಡಿನೊಳಗೆ ಏನಾಗುತ್ತದೆ

ಬೇರ್ಪಡಿಸಿದ ಮಾಲು ಮರುಬಳಕೆಯ ಶೆಡ್ಡಿಗೆ ಹೋದರೆ ಮೊದಲು ಗ್ರೈಂಡರ್ ಯಂತ್ರದಲ್ಲಿ ಅದನ್ನು ಚೂರು ಮಾಡುತ್ತಾರೆ. ಆ ಚೂರನ್ನು ತೊಟ್ಟಿಯಲ್ಲಿ ತೊಳೆದು, ಒಣಗಿಸಿ, ಕಾದ ಕೊಳವೆಯೊಳಗೆ ತಿರುಗುವ ಸ್ಕ್ರೂ ಇರುವ ಯಂತ್ರಕ್ಕೆ ಹಾಕುತ್ತಾರೆ. ಕರಗಿದ ಪ್ಲಾಸ್ಟಿಕ್ ಇನ್ನೊಂದು ತುದಿಯಲ್ಲಿ ಶಾವಿಗೆಯಂತೆ ಎಳೆ ಎಳೆಯಾಗಿ ಹೊರಬರುತ್ತದೆ. ಎಳೆಗಳನ್ನು ನೀರಿನ ತೊಟ್ಟಿಯಲ್ಲಿ ಹಾಯಿಸಿ ತಣಿಸಿ, ಜೋಳದ ಕಾಳಿನ ಗಾತ್ರಕ್ಕೆ ಕತ್ತರಿಸುತ್ತಾರೆ. ಈ ಕಾಳಿಗೆ ವ್ಯಾಪಾರದಲ್ಲಿ 'ದಾನಾ' ಎಂದು ಹೆಸರು. ಮೋಲ್ಡಿಂಗ್ ಶೆಡ್ಡಿನವರು ಇದನ್ನು ಕೊಂಡು ಬಾಂಡ್ಲಿ, ಬಕೆಟ್ಟು ಮುಂತಾದುವನ್ನು ಮಾಡುತ್ತಾರೆ.

ಈ ಎಲ್ಲ ಹಂತಗಳಲ್ಲಿ ಯಂತ್ರಕ್ಕೆ ಬಿಟ್ಟುಕೊಡಲಾಗದ ಕೆಲಸ ಒಂದೇ, ಅದು ಮೊದಲಿನ ಆರಿಸುವಿಕೆ. ಅಷ್ಟು ಚಿಕ್ಕ ಚೂರುಗಳನ್ನು ರಾಶಿಯಿಂದ ಒಂದೊಂದಾಗಿ ಹೆಕ್ಕುವ ಕೂಲಿ ಆ ಚೂರಿನ ಬೆಲೆಗಿಂತ ಹೆಚ್ಚು. ಬುಟ್ಟಿಯಲ್ಲಿ ಬೇರೆ ಬೇರೆಯಾಗಿದ್ದಾಗ ಒಂದು ನಿಮಿಷದ ಕೆಲಸ, ಬೆರೆತ ಮೇಲೆ ಒಂದು ದಿನದ ಕೆಲಸ. ರಾಗಿಗೆ ಸಾಸಿವೆ ಚೆಲ್ಲಿದವರಿಗೆ ಇದು ತಿಳಿದಿದೆ. ಆದ್ದರಿಂದ ಮರುಬಳಕೆ ಆರಂಭವಾಗುವುದು ಕಾರ್ಖಾನೆಯಲ್ಲಲ್ಲ, ವಸ್ತು ಕೈಬಿಡುವ ಜಾಗದಲ್ಲಿ. ಸೀಲಿನ ವಿಷಯದಲ್ಲಿ ಆ ಜಾಗ ಮೀಟರಿನ ಬುಡ. ಸೀಲು ಕತ್ತರಿಸುವವರ ಕೈಚೀಲದಲ್ಲಿ ಪಾರದರ್ಶಕ ಸೀಲಿಗೊಂದು, ಬಣ್ಣದ ಸೀಲಿಗೊಂದು, ತಂತಿಗೊಂದು ಹೀಗೆ ಮೂರು ಡಬ್ಬಿಗಳಿದ್ದು, ಲೆಕ್ಕ ಸಮೇತ ಕಚೇರಿಗೆ ಸೇರಿದರೆ ಅದು ಮಾಲಾಗುತ್ತದೆ. ಹೊಲದ ಪ್ಲಾಸ್ಟಿಕ್ಕಿನ ವಿಷಯದಲ್ಲಿ ಆ ಜಾಗ ನಿಮ್ಮ ಹೊಲದ ಬದು.

ದನಕರುಗಳಿಗೆ ಅಪಾಯ

ಕತ್ತರಿಸಿದ ಸೀಲಿನ ತಂತಿಯ ತುಂಡು ಒಂದೆರಡು ಅಂಗುಲ ಉದ್ದವಿದ್ದು ತುದಿ ಚೂಪಾಗಿರುತ್ತದೆ. ಅದು ಹುಲ್ಲಿಗೆ ಬಿದ್ದರೆ ದನ ಅದನ್ನು ಬೇರೆ ಮಾಡುವುದಿಲ್ಲ. ದನ ಮೊದಲು ಮೇವನ್ನು ಹೆಚ್ಚು ಅಗಿಯದೆ ನುಂಗಿ, ಅನಂತರ ಮೆಲುಕು ಹಾಕುತ್ತದೆ. ನುಂಗಿದ ತಂತಿ ಜೇನುಗೂಡಿನಂತಹ ಒಳಮೈ ಇರುವ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಯ ಮುಂದೆಯೇ ವಪೆ, ಅದರಾಚೆಗೆ ಹೃದಯ. ಹೊಟ್ಟೆ ಹಿಂಡಿದಾಗಲೆಲ್ಲ ತಂತಿ ಮುಂದಕ್ಕೆ ಚುಚ್ಚಿ ಹೃದಯದ ಪೊರೆಯವರೆಗೆ ಹೋಗಬಹುದು. ದನ ಮೇವು ಬಿಡುತ್ತದೆ, ಹಾಲು ಇದ್ದಕ್ಕಿದ್ದಂತೆ ಇಳಿಯುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುತ್ತದೆ. ಹೃದಯಕ್ಕೆ ತಗುಲಿದ ಮೇಲೆ ಎದೆಯ ಮುಂಭಾಗದಲ್ಲಿ ಬಾವು ಕಾಣಿಸುತ್ತದೆ. ಆ ಹಂತದಲ್ಲಿ ಉಳಿಸುವುದು ಬಹಳ ಕಷ್ಟ. ಮೊದಲಿನ ಚಿಹ್ನೆಗಳು ಕಂಡೊಡನೆ ಪಶುವೈದ್ಯರನ್ನು ಕರೆಯಬೇಕು.

ಪ್ಲಾಸ್ಟಿಕ್ ಚೂರು, ಹಾಳೆ, ಚೀಲಗಳು ಮೊದಲನೆಯ ದೊಡ್ಡ ಹೊಟ್ಟೆಯಲ್ಲಿ ಉಂಡೆಕಟ್ಟಿ ಉಳಿಯುತ್ತವೆ. ಹಳೆಯ ಸೀಸದ ಸೀಲು ಇನ್ನೂ ಕೆಟ್ಟದ್ದು. ಸೀಸ ನರಮಂಡಲಕ್ಕೆ ವಿಷ. ಮಕ್ಕಳ ಆಟಕ್ಕೆ, ಮೀನುಬಲೆಯ ಗುಂಡಿಗೆಂದು ಮನೆಯಲ್ಲಿ ಕರಗಿಸುವುದಕ್ಕೆ ಅದನ್ನು ಎಂದಿಗೂ ಕೊಡಬಾರದು.

ಹೊಲದಲ್ಲಿರುವ ನಿಜವಾದ ಮಾಲು

ಈಗ ಸೀಲಿನಿಂದ ಹೊಲಕ್ಕೆ ಬರೋಣ. 16 ಮಿ.ಮೀ. ಹೊರವ್ಯಾಸ, 1 ಮಿ.ಮೀ. ದಪ್ಪ ಗೋಡೆಯ ಡ್ರಿಪ್ ಕೊಳವೆ ಮೀಟರಿಗೆ ಸುಮಾರು 43 ಗ್ರಾಂ ತೂಗುತ್ತದೆ. ಸಾಲಿನಿಂದ ಸಾಲಿಗೆ 1.5 ಮೀಟರ್ ಅಂತರವಿಟ್ಟರೆ ಎಕರೆಗೆ ಸುಮಾರು 2,700 ಮೀಟರ್ ಕೊಳವೆ ಬೇಕು. ಅದರ ತೂಕ ಸುಮಾರು 116 ಕಿ.ಗ್ರಾಂ. ಮೇಲೆ ಹೇಳಿದ 3 ಗ್ರಾಮಿನ ಸೀಲಿನ ಲೆಕ್ಕದಲ್ಲಿ ಇದು 38 ಸಾವಿರಕ್ಕೂ ಹೆಚ್ಚು ಸೀಲುಗಳಿಗೆ ಸಮ. ಅದೂ ಒಂದೇ ಬಗೆಯ ಪಾಲಿಥೀನ್. 30 ಮೈಕ್ರಾನ್ ದಪ್ಪದ ಮಲ್ಚಿಂಗ್ ಹಾಳೆ ಚದರ ಮೀಟರಿಗೆ ಸುಮಾರು 28 ಗ್ರಾಂ. ಎಕರೆಯ ಅರ್ಧಭಾಗಕ್ಕೆ, ಅಂದರೆ 2,000 ಚದರ ಮೀಟರಿಗೆ ಹಾಸಿದರೆ 55 ಕಿ.ಗ್ರಾಂ. ಇಷ್ಟು ಮಾಲನ್ನು ಕೆಡಿಸದೆ ಮಾರುವುದು ಹೇಗೆ ಎಂಬುದೇ ರೈತರ ಪ್ರಶ್ನೆಯಾಗಬೇಕು.

ಡ್ರಿಪ್ ಕೊಳವೆ: ಕಿತ್ತ ಕೂಡಲೇ ಎಂಡ್ ಕ್ಯಾಪ್, ಜಾಯಿಂಟು, ರಬ್ಬರ್ ಬಿಡಿಸಿ. ಕೊಳವೆಯೊಳಗೆ ನೀರು ಹಾಯಿಸಿ ಕೆಸರು ತೆಗೆಯಿರಿ. ಸುರುಳಿ ಸುತ್ತಿ ಅದೇ ಕೊಳವೆಯ ತುಂಡಿನಿಂದ ಕಟ್ಟಿ. ತಂತಿಯಿಂದ ಕಟ್ಟಬೇಡಿ.

ಮಲ್ಚಿಂಗ್ ಹಾಳೆ: ಬೆಳೆ ಮುಗಿದ ಒಡನೆ, ಹಾಳೆ ಇನ್ನೂ ಗಟ್ಟಿಯಾಗಿರುವಾಗಲೇ ತೆಗೆಯಿರಿ. ಬಿಸಿಲಿಗೆ ಬಿಟ್ಟಷ್ಟೂ ಅದು ಹರಿದು ಚೂರಾಗುತ್ತದೆ. ನೆಲ ಸ್ವಲ್ಪ ಹದವಾಗಿರುವಾಗ ಅಂಚಿನ ಮಣ್ಣು ಸಡಿಲಿಸಿ, ಎಳೆದು, ಒಣಗಿಸಿ, ಮಣ್ಣು ಕೊಡವಿ ಸುತ್ತಿಡಿ. ತೀರ ತೆಳುವಾದ ಹಾಳೆಯನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಕೊಳ್ಳುವಾಗಲೇ ಇದನ್ನು ಯೋಚಿಸಬೇಕು. ಬಿಸಿಲಿಗೆ ತಾನಾಗಿಯೇ ಚೂರಾಗುವ ಹಾಳೆ ಎಂದು ಹೇಳಿ ಮಾರಿದರೆ ಮರುಳಾಗಬೇಡಿ. ಚೂರಾಗುವುದೇ ಬೇರೆ, ಕೊಳೆಯುವುದೇ ಬೇರೆ.

ಔಷಧಿ ಬಾಟಲಿ: ಖಾಲಿಯಾದ ಕೀಟನಾಶಕದ ಬಾಟಲಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪರಣೆಯ ಡಬ್ಬಿಗೇ ಸುರಿಯಬೇಕು. ಅನಂತರ ತಳಕ್ಕೆ ತೂತು ಹೊಡೆಯಬೇಕು. ಇದನ್ನು ಬೇರೆ ಪ್ಲಾಸ್ಟಿಕ್ಕಿನ ಜೊತೆ ಗುಜರಿಗೆ ಹಾಕಬಾರದು. ಆ ದಾನಾ ನಾಳೆ ಯಾರ ಮನೆಯ ಬಕೆಟ್ಟಾಗುತ್ತದೋ ಹೇಳಲಾಗದು. ಮಾರಾಟಗಾರರು ವಾಪಸು ಪಡೆಯುವ ಏರ್ಪಾಡು ಇದ್ದರೆ ಅವರಿಗೇ ಕೊಡಿ.

ಕೊಳ್ಳುವಾಗಲೂ ಈ ಪಾಠವನ್ನು ನೆನಪಿಡಿ. ಬೆರಕೆ ದಾನಾದಿಂದ ಮಾಡಿದ ಅಗ್ಗದ ಕೊಳವೆ ಒತ್ತಡಕ್ಕೆ ಸೀಳುತ್ತದೆ. ಡ್ರಿಪ್ ಕೊಳವೆಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತೂ ಐ.ಎಸ್. 12786 ಎಂಬ ಸಂಖ್ಯೆಯೂ ಇವೆಯೇ ಎಂದು ನೋಡಿ ಕೊಳ್ಳಿ. ಮರುಬಳಕೆಯ ಪ್ಲಾಸ್ಟಿಕ್ ಕೆಟ್ಟದ್ದಲ್ಲ, ಅದಕ್ಕೆ ತಕ್ಕ ಕೆಲಸ ಬೇರೆ ಇದೆ.

ಮೀಟರು ಬದಲಾಯಿಸುವ ದಿನ

ರೈತರು ಪಾಲಿಸಬೇಕಾದ ಕ್ರಮಗಳು ಹೀಗಿವೆ.

1. ಸೀಲನ್ನು ನೀವಾಗಿ ಮುಟ್ಟಬೇಡಿ. ಮುರಿದಿರುವುದು ಕಂಡರೆ ಕೂಡಲೇ ವಿದ್ಯುತ್ ಕಚೇರಿಗೆ ಬರೆದು ತಿಳಿಸಿ, ಅರ್ಜಿಯ ನಕಲು ಇಟ್ಟುಕೊಳ್ಳಿ. ಮೀಟರನ್ನು ತಿದ್ದಿ ವಿದ್ಯುತ್ ಪಡೆಯುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಕಲಮಿನಂತೆ ಕಳವು. ಅದಕ್ಕೆ 3 ವರ್ಷಗಳವರೆಗೆ ಸೆರೆಮನೆ, ದಂಡ ಅಥವಾ ಎರಡೂ ಉಂಟು. ಮುರಿದ ಸೀಲು ನಿಮ್ಮ ಮೇಲೆ ಅನುಮಾನಕ್ಕೆ ಎಡೆಯಾಗಬಾರದು.
2. ಲೈನ್‌ಮನ್ ಬಂದಾಗ ಹಳೆಯ ಸೀಲಿನ ಮತ್ತು ಹೊಸ ಸೀಲಿನ ಸಂಖ್ಯೆಗಳನ್ನು, ಮೀಟರಿನ ಕೊನೆಯ ರೀಡಿಂಗ್ ಸಮೇತ ಬರೆದುಕೊಳ್ಳಿ.
3. ಕೆಲಸಕ್ಕೆ ಮುಂಚೆ ದನವನ್ನೂ ಮೇವನ್ನೂ ಪಕ್ಕಕ್ಕೆ ಸರಿಸಿ. ಮೀಟರಿನ ಕೆಳಗೆ ಒಂದು ಗೋಣಿಚೀಲ ಹಾಸಿ.
4. ಕತ್ತರಿಸಿದ ಸೀಲನ್ನೂ ತಂತಿಯ ತುಂಡನ್ನೂ ಎಣಿಸಿ ಲೈನ್‌ಮನ್ನರ ಕೈಗೇ ಕೊಡಿ. ಅದು ಕಂಪನಿಯ ಸ್ವತ್ತು. ನಿಮ್ಮ ಪ್ಲಾಸ್ಟಿಕ್ ಚೀಲಕ್ಕೂ ಸೇರಬಾರದು, ತಿಪ್ಪೆಗೂ ಸೇರಬಾರದು.
5. ಎಷ್ಟೋ ಹಿಂದೆ ಬಿದ್ದು ಮನೆಯಲ್ಲಿ ಉಳಿದಿರುವ ಸೀಲುಗಳಿದ್ದರೆ ಅವನ್ನೂ ಅದೇ ದಿನ ಒಪ್ಪಿಸಿಬಿಡಿ.

ಊರಿನ ಕೆಲಸ

2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳ್ಳಿಗಳಿಗೂ ಅನ್ವಯಿಸುತ್ತವೆ. ಪ್ಲಾಸ್ಟಿಕ್ ಕಸವನ್ನು ಬೇರ್ಪಡಿಸುವುದು ಪ್ರತಿಯೊಬ್ಬರ ಕರ್ತವ್ಯ, ಅದನ್ನು ಒಟ್ಟುಗೂಡಿಸಿ ಮರುಬಳಕೆಗೆ ಕಳಿಸುವ ಹೊಣೆ ಗ್ರಾಮ ಪಂಚಾಯಿತಿಯದು. ನಮ್ಮ ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ 'ಸ್ವಚ್ಛ ಸಂಕೀರ್ಣ' ಎಂಬ ಹೆಸರಿನ ಘಟಕಗಳಿದ್ದು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಒಣಕಸವನ್ನು ವಿಂಗಡಿಸುತ್ತಾರೆ. ನಿಮ್ಮ ಊರಿನಲ್ಲಿ ಹತ್ತು ಜನ ಡ್ರಿಪ್ ರೈತರು ಸೇರಿ, ಕೊಳವೆಯನ್ನು ಕೊಳವೆಯಾಗಿ, ಹಾಳೆಯನ್ನು ಹಾಳೆಯಾಗಿ ಅಲ್ಲಿ ಕೂಡಿಸಿದರೆ ಗುಜರಿಯವರೇ ಗಾಡಿ ತರುತ್ತಾರೆ. ಆಗ ದರದ ಮಾತನ್ನು ನೀವೂ ಆಡಬಹುದು. ಹಾಲಿನ ಸಂಘಕ್ಕೆ ನೀರು ಬೆರೆಸದ ಹಾಲು ಹಾಕಿ ಬೆಲೆ ಕೇಳುವ ಹಾಗೆ, ಬೆರಕೆಯಿಲ್ಲದ ಪ್ಲಾಸ್ಟಿಕ್ಕಿಗೂ ಬೆಲೆ ಕೇಳುವ ಹಕ್ಕು ನಿಮಗೆ ಬರುತ್ತದೆ.

ಲಗ್ಗೆರೆಯಲ್ಲಿ ಕಂಡ ಆ ರೈತರು ಬೆರಕೆಯ ದರಕ್ಕೇ ಚೀಲ ಕೊಟ್ಟು ಬಸ್ಸು ಹತ್ತಿದರು. ವಾಪಸು ಒಯ್ಯುವ ಖರ್ಚು ಅದಕ್ಕಿಂತ ಹೆಚ್ಚಾಗುತ್ತಿತ್ತು. ಅವರ ಚೀಲವನ್ನು ಕೆಡಿಸಿದ್ದು ಕೈಯಲ್ಲಿ ಹಿಡಿಯುವಷ್ಟು ಚೂರುಗಳು ಮಾತ್ರ. ಮುಂದಿನ ಸಲ ನೀವು ಹೊಲದಿಂದ ಹಳೆಯ ಕೊಳವೆ ಕೀಳುವಾಗ ಪಕ್ಕದಲ್ಲಿ ಮೂರು ಚೀಲ ಇಟ್ಟುಕೊಳ್ಳಿ. ಅನುಮಾನ ಬಂದ ಚೂರನ್ನು ನೀರಿಗೆ ಹಾಕಿ ನೋಡಿ. ಇಷ್ಟು ಮಾಡಿದರೆ ನಿಮ್ಮ ಮಣ್ಣೂ ಉಳಿಯುತ್ತದೆ, ದನವೂ ಉಳಿಯುತ್ತದೆ, ಕೈಗೆ ನಾಲ್ಕು ಕಾಸೂ ಸೇರುತ್ತದೆ.